ಆರು ಕಾಲಮ್ಮಿನ ಹೆರಿಗೆ

ಎಲ್ಲವನ್ನೂ ಮೊದಲೇ ಬರೆದಿಟ್ಟರೆ ಗೊಂದಲ ಕಡಿಮೆಯಾಗುತ್ತದೆ ಎನ್ನುವವರು ಬಬಲೇಶ್ವರದಲ್ಲಿ ಒಂದು ವರ್ಷ ನರ್ಸಬಾಯಿಯಾಗಿ ಇದ್ದು ನೋಡಬೇಕು. ನಾನು ಇದ್ದೆ, ಎಪ್ಪತ್ತರ ದಶಕದಲ್ಲಿ. ನಾನು ಬರೆದಷ್ಟೂ ಗೊಂದಲ ಹೆಚ್ಚಾಯಿತು. ಕೊನೆಗೆ ನನ್ನ ಸ್ವಂತ ಹೆರಿಗೆಯೂ ಅದರಲ್ಲಿ ಸಿಕ್ಕಿಬಿತ್ತು. ಆದರೆ ಅದನ್ನು ಹೇಳುವ ಮೊದಲು ಉಳಿದವರ ಫಜೀತಿ ಹೇಳಬೇಕು, ಇಲ್ಲದಿದ್ದರೆ ನಾನೊಬ್ಬಳೇ ದಡ್ಡಿ ಎಂದು ನೀವು ತಿಳಿದೀರಿ.

ಬಬಲೇಶ್ವರದ ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಮೇಜು, ಒಂದು ಬೀಗ, ಬಾಗಿಲಿಗೆ ನೇತುಹಾಕಿದ ಒಂದು ಪಾಟಿ. ಆವತ್ತು ಯಾವ ಊರಿಗೆ ಹೋಗಿದ್ದೇನೆಂದು ಆ ಪಾಟಿಯ ಮೇಲೆ ಬಳಪದಿಂದ ಬರೆದು ಹೊರಡುವುದು ನನ್ನ ರೂಢಿ. ಸುತ್ತಲಿನ ಹಳ್ಳಿಗಳ ಬಸುರಿಯರೆಲ್ಲ ನನ್ನ ಪಾಲಿಗೆ.

೧. ಹಡೆಯದ ಬಸುರಿಯರು

ಮೈಸೂರು ಕಡೆಯಿಂದ ಒಬ್ಬ ಹೊಸ ಡಾಕ್ಟರು ಬಂದರು. ಒಳ್ಳೆಯವರು, ಉತ್ಸಾಹಿ, ಮದುವೆಯಾಗಿರಲಿಲ್ಲ. ನಮ್ಮನ್ನೆಲ್ಲ ವಿಜಾಪುರಕ್ಕೆ ಕರೆಸಿ, ಸೈಕ್ಲೋಸ್ಟೈಲ್ ಮಾಡಿಸಿದ ಹಾಳೆಗಳ ಒಂದೊಂದು ಕಟ್ಟು ಕೈಗಿಟ್ಟರು. ಮನೆಯಲ್ಲಿ ಹಡೆಯುವ ಪ್ರತಿಯೊಬ್ಬಳ ಹೆಸರಿನಲ್ಲೂ ಒಂದು ಹಾಳೆ ತುಂಬಿ ಆ ಮನೆಯ ಗೋಡೆಗೆ ಅಂಟಿಸಬೇಕು. ಆರು ಕಾಲಂ: ಹೆರಿಗೆ ಎಲ್ಲಿ, ಮಾಡಿಸುವವರು ಯಾರು, ನೀರು ಕಾಯಿಸುವವರು ಯಾರು, ಹೊಸ ಬ್ಲೇಡು-ದಾರ-ಬಟ್ಟೆ ಎಲ್ಲಿಟ್ಟಿದೆ, ಜೊತೆಗಿರುವವರು ಯಾರು, ತೊಂದರೆಯಾದರೆ ಯಾವ ಗಾಡಿ. ಕೆಳಗೆ ಷರಾ ಬರೆಯಲು ನಾಲ್ಕು ಬೆರಳು ಜಾಗ.

ನಾನು ಮನೆಮನೆಗೆ ಹೋಗಿ ಅಚ್ಚುಕಟ್ಟಾಗಿ ತುಂಬಿದೆ. ಎರಡು ತಿಂಗಳ ನಂತರ ಡಾಕ್ಟರು ತಪಾಸಣೆಗೆ ಬಂದು ಒಂದು ಕಡೆ ನನ್ನ ಹಾಳೆಗಳ ಪಟ್ಟಿ, ಇನ್ನೊಂದು ಕಡೆ ಹುಟ್ಟಿದ ಮಕ್ಕಳ ಪಟ್ಟಿ ಇಟ್ಟುಕೊಂಡು ಕೂತರು. ಒಂದು ಹೆಸರೂ ಇನ್ನೊಂದಕ್ಕೆ ಕೂಡುತ್ತಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಕಾರಣ ಊರಿನ ಯಾವ ಮುದುಕಿಯಾದರೂ ಹೇಳುತ್ತಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆ ಸಲ ನಾನು ಹಾಳೆ ಅಂಟಿಸಿದ ಸೊಸೆಯಂದಿರೆಲ್ಲ ಚೊಚ್ಚಲಿನವರು. ಸೀಮಂತದ ಕುಬಸ ಮಾಡಿಸಿಕೊಂಡು, ಹಸಿರು ಬಳೆ ತೊಟ್ಟು, ಗಾಡಿ ಹತ್ತಿ ಟಿಕೋಟಾಕ್ಕೋ ಇನ್ನೆಲ್ಲಿಗೋ ತವರಿಗೆ ಹೋಗಿದ್ದರು. ಹಾಳೆ ಗಂಡನ ಮನೆಯ ಗೋಡೆಯ ಮೇಲೆ ಉಳಿದಿತ್ತು. ನಮ್ಮೂರ ಹೆಣ್ಣುಮಕ್ಕಳು ಗಂಡನ ಊರುಗಳಿಂದ ತುಂಬಿದ ಬಸುರಿಯರಾಗಿ ಬಂದು ಇಲ್ಲಿ ಹಡೆದಿದ್ದರು. ಅವರ ಹಾಳೆ ಆ ಊರುಗಳ ಗೋಡೆಗಳ ಮೇಲಿತ್ತು.

ಇದನ್ನೆಲ್ಲ ವಿವರಿಸಲು ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ತಲೆ ಹಿಡಿದುಕೊಂಡು ಕೇಳಿದರು: "ಏನ್ರೀ ಸಿಸ್ಟರ್ ಇದು? ನಿಮ್ಮೂರಲ್ಲಿ ಬಸುರಿ ಆದವರು ಹೆರೋದೇ ಇಲ್ವಾ, ಹೆತ್ತವರು ಬಸುರಿಯರೇ ಆಗಿರಲಿಲ್ವಾ?"

೨. ಗೋಡೆ ದಾಟಿದ ಗಂಟು

ನಾಲ್ಕನೆಯ ಕಾಲಂ ನನ್ನ ಜೀವ ತಿಂದಿತು. ಬ್ಲೇಡು, ದಾರ, ಕುದಿಸಿ ಒಣಗಿಸಿದ ಬಟ್ಟೆ ಒಂದು ಗಂಟು ಕಟ್ಟಿ ಮನೆಯಲ್ಲಿ ಮೊದಲೇ ಇಡಬೇಕು. ಸೊಸೆಯ ಎರಡನೆಯ ಹೆರಿಗೆಗೆ ಕಾದಿದ್ದ ಒಬ್ಬ ರೈತರ ಮನೆಯ ಅತ್ತೆ ಇದನ್ನು ಕೇಳಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡಳು.

"ಕೂಸು ಹುಟ್ಟೂಕಿಂತ ಮೊದಲ ಅದರ ಅರಿವಿ ಮನ್ಯಾಗ ಇಡಬಾರದ್ರಿ ಬಾಯಾರ. ಭಾಳ ಕೆಟ್ಟದು."

"ಮತ್ತ ಹೊತ್ತಿಗೆ ಸಿಗದಿದ್ರ ಏನ ಮಾಡ್ತೀರಿ?"

ಗೋಡೆಯಾಚೆಯ ಮನೆ ಒಂದು ಮುಸಲ್ಮಾನರ ಕುಟುಂಬದ್ದು. ಎರಡೂ ಮನೆಗಳ ನಡುವೆ ಉಪ್ಪು, ಸಕ್ಕರೆ, ಬೆಂಕಿಕಡ್ಡಿ ದಿನವೂ ಗೋಡೆ ದಾಟುತ್ತಿದ್ದವು. ಆ ಮನೆಯ ಸೊಸೆಗೂ ದಿನ ತುಂಬುತ್ತಿತ್ತು. ಅವಳ ಅತ್ತೆಯೂ ಅದೇ ಮಾತು ಹೇಳಿದಳು. ನಾನು ಬಹಳ ಯೋಚನೆ ಮಾಡಿ ಒಂದು ಉಪಾಯ ಹುಡುಕಿದೆ. ಇವರ ಗಂಟು ಅವರ ಮನೆಯಲ್ಲಿ, ಅವರ ಗಂಟು ಇವರ ಮನೆಯಲ್ಲಿ. ತಮ್ಮ ಕೂಸಿನ ಬಟ್ಟೆ ತಮ್ಮ ಮನೆಯಲ್ಲಿ ಇದ್ದ ಹಾಗೂ ಆಗಲಿಲ್ಲ, ಸಮಯಕ್ಕೆ ಕೈಗೆ ಸಿಕ್ಕ ಹಾಗೂ ಆಯಿತು. ಇಬ್ಬರು ಅತ್ತೆಯರೂ ನನ್ನ ತಲೆಯನ್ನು ಹೊಗಳಿದರು.

ರೈತರ ಮನೆಯ ಸೊಸೆಗೆ ಬೇನೆ ಬಂದ ದಿನ ನೆರೆಮನೆಗೆ ಬೀಗ. ಹೈದರಾಬಾದಿನ ಬೀಗರು ಬಂದಿದ್ದರೆಂದು ಎಲ್ಲರೂ ಗೋಳಗುಮ್ಮಟ ತೋರಿಸಲು ಹೋಗಿದ್ದಾರೆ. ಗಂಟು ಬೀಗದ ಒಳಗೆ. ಅತ್ತೆ ಅಳುವುದಕ್ಕೆ ಶುರು ಮಾಡಿದಳು. ನಾನು ಅವಳನ್ನು ಕೇಳಿದೆ, "ಅವರ ಗಂಟು ನಿಮ್ಮನ್ಯಾಗ ಐತೆಲ್ಲ?" ಅದೇ ಬ್ಲೇಡು, ಅದೇ ದಾರ, ಅದೇ ಅಳತೆಯ ಬಟ್ಟೆ. ಅದನ್ನೇ ಬಿಚ್ಚಿದೆವು. ಗಂಡು ಕೂಸು ಹುಟ್ಟಿತು, ಎಲ್ಲ ಸುಸೂತ್ರ.

ಸಂಜೆ ನೆರೆಯವರು ಬಂದರು. ವಿಷಯ ಹೇಳಿದೆ. ಅವರ ಅತ್ತೆ ಕೂಸಿನ ದೃಷ್ಟಿ ತೆಗೆದು, ನೆಟಿಗೆ ಮುರಿದು, ಆಮೇಲೆ ಹುಬ್ಬು ಗಂಟು ಹಾಕಿ ಬಹಳ ಹೊತ್ತು ಲೆಕ್ಕ ಹಾಕಿದಳು.

"ಹಂಗಾರ ನಮ್ಮ ಗಂಟು ನಿಮಗ ಆತು. ನಮ್ಮನ್ಯಾಗಿನ ನಿಮ್ಮ ಗಂಟು ಈಗ ನಮ್ಮದಾತು. ಹೌದಲ್ರಿ?"

"ಹೌದು," ಎಂದೆ.

"ನಮ್ಮದು ನಮ್ಮನ್ಯಾಗ ಇರಬಾರದು," ಎಂದು ಒಳಗೆ ಓಡಿ, ಗಂಟು ತಂದು ಗೋಡೆಯ ಮೇಲಿಂದ ಈಚೆ ಕೊಟ್ಟಳು. "ತಗೋರಿ, ನೀವ ಇಟ್ಕೋರಿ!"

೩. ಒಂದೇ ಗಾಡಿ

ಆರನೆಯ ಕಾಲಮ್ಮಿಗೆ ಇಡೀ ಓಣಿ ಒಬ್ಬನ ಗಾಡಿಯನ್ನೇ ಬರೆಸಿತು. ಅವನ ಎತ್ತುಗಳು ಭಾರೀ ಚುರುಕು, ವಿಜಾಪುರದ ದವಾಖಾನೆಯ ದಾರಿ ಅವಕ್ಕೆ ಬಾಯಿಪಾಠ ಎಂಬ ಹೆಸರಿತ್ತು. ಗಾಡಿಯವನನ್ನು ಯಾರು ಕೇಳಿದರೂ ಅವನು "ಆಗಲಿ" ಎಂದಿದ್ದ. ಇಲ್ಲ ಎನ್ನುವುದು ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಉಪಕೇಂದ್ರದ ಮುಂದೆ ಕೂತಿದ್ದ. ಮುಖ ಒಣಗಿತ್ತು.

"ಬಾಯಾರ, ಹನ್ನೊಂದ ಮಂದಿ ಹೆಣ್ಣಮಕ್ಕಳು ನನ್ನ ಗಾಡಿ ಬರಸ್ಯಾರ. ಒಂದ ದಿನ ಇಬ್ಬರಿಗೆ ಬ್ಯಾನಿ ಬಂದ್ರ ನಾ ಏನ ಮಾಡ್ಲಿ? ಎಡಗಾಲಿ ಒಬ್ಬಾಕಿಗೆ, ಬಲಗಾಲಿ ಒಬ್ಬಾಕಿಗೆ ಅನ್ಲೇನ್ರಿ?"

"ಎಲ್ಲಾರಿಗೂ ಗಾಡಿ ಬೇಕಾಗೂದಿಲ್ಲಪ್ಪಾ. ತ್ರಾಸ ಆದ್ರ ಅಷ್ಟ."

"ಯಾರಿಗೆ ತ್ರಾಸ ಆಗತೈತಿ ಅಂತ ಮೊದಲ ಹೇಳ್ರಿ, ಅವರನ್ನಷ್ಟ ಇಟ್ಕೋತೀನಿ."

ಅದು ನನಗೆ ಗೊತ್ತಿದ್ದರೆ ನಾನು ನರ್ಸಬಾಯಿ ಯಾಕಾಗುತ್ತಿದ್ದೆ, ಮಠ ಕಟ್ಟಿಸಿಕೊಂಡು ಕೂರುತ್ತಿದ್ದೆ. ಪಾಪ, ಅವನು ತಿಂಗಳುಗಟ್ಟಲೆ ಊರು ಬಿಟ್ಟು ಕದಲಲಿಲ್ಲ. ಸಂತೆಗೆ ಹೋಗಲಿಲ್ಲ. ಎತ್ತುಗಳನ್ನು ಮನೆಯ ಮುಂದೆಯೇ ಕಟ್ಟಿ, ಯಾವ ಮನೆಯಿಂದ ಕೂಗು ಬರುತ್ತದೋ ಎಂದು ಕಿವಿ ಕೊಟ್ಟು ಕೂರುತ್ತಿದ್ದ.

ಆಮೇಲೆ ಅವನ ಹೆಂಡತಿಯ ಹಾಳೆ ತುಂಬುವ ಸರದಿ ಬಂತು. ಐದು ಕಾಲಂ ಮುಗಿಸಿ ಆರನೆಯದಕ್ಕೆ ಬಂದೆ. ಕೇಳುವುದೇನಿದೆ ಎಂದು ನಾನೇ ಬರೆಯಹೊರಟಾಗ ಅವನು ಕೈ ಅಡ್ಡ ತಂದ.

"ಗಾಡಿ ಇಲ್ಲ ಅಂತ ಬರೀರಿ."

"ಯಾಕ? ಮನಿ ಮುಂದ ನಿಂತೈತೆಲ್ಲ ನಿನ್ನ ಗಾಡಿ?"

"ಅದನ್ನ ಮಂದಿಗೆ ಹೇಳಿ ಆಗೇತ್ರಿ ಬಾಯಾರ," ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ. "ಇಕೀಗೆ ಬ್ಯಾರೆ ಯಾರದರ ಗಾಡಿ ನೋಡ್ರಿ."

ದಾರಿಯುದ್ದಕ್ಕೂ ನಗುತ್ತಾ ಬಂದೆ. ಮನೆಗೆ ಬಂದು ಗಂಡನಿಗೂ ಅತ್ತೆಗೂ ಹೇಳಿ ಮತ್ತೆ ನಕ್ಕೆ. ಊರಿಗೆಲ್ಲ ಗಾಡಿ ಕೊಟ್ಟು ತನ್ನ ಹೆಂಡತಿಗೇ ಇಲ್ಲ ಎನ್ನುವ ಇಂಥ ಪೆದ್ದ ಬಬಲೇಶ್ವರದಲ್ಲಿ ಇನ್ನೊಬ್ಬ ಇರಲಾರ ಎಂದೆ. ಆಗ ನನಗೆ ಏಳನೆಯ ತಿಂಗಳು.

೪. ಕಟ್ಟೆಯ ಮೇಲಿನ ಆಯಿ

ಎರಡನೆಯ ಕಾಲಮ್ಮಿನ ವಿಷಯದಲ್ಲಿ ಮಾತ್ರ ನಾನು ನಗುವುದಿಲ್ಲ. ಹೆರಿಗೆ ಮಾಡಿಸುವವರ ಜಾಗದಲ್ಲಿ "ಉಪಕೇಂದ್ರದ ನರ್ಸ್" ಎಂದೇ ಬರೆಯಬೇಕೆಂದು ಆಜ್ಞೆ. ಊರಿನಲ್ಲಿ ಒಬ್ಬ ಹಿರಿಯ ಸೂಲಗಿತ್ತಿ ಇದ್ದಳು, ಎಲ್ಲರೂ ಆಯಿ ಎನ್ನುತ್ತಿದ್ದರು. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿತ್ತು. ಮೊದಲು ಕುಡಗೋಲಿನಿಂದ ಹೊಕ್ಕಳಬಳ್ಳಿ ಕೊಯ್ಯುತ್ತಿದ್ದವಳು, ನಾನು ಒಮ್ಮೆ ಹೇಳಿದ್ದೇ ತಡ, ಕುದಿಸಿದ ಬ್ಲೇಡಿಗೆ ಬಂದಿದ್ದಳು. ಸಾಬೂನಿನಿಂದ ಮೊಣಕೈವರೆಗೆ ಕೈ ತೊಳೆಯುವುದನ್ನೂ ಕಲಿತಿದ್ದಳು. ನಾನು ಅವಳಿಂದ ಕಲಿತದ್ದು ಅದಕ್ಕಿಂತ ಹೆಚ್ಚು.

ಹಾಳೆಗಳ ಸುದ್ದಿ ಕೇಳಿ ಅವಳು ಒಂದು ದಿನ ಬಂದಳು. "ನನ್ನ ಹೆಸರ ಎಲ್ಲೈತಿ ತೋರಸವಾ," ಎಂದಳು.

"ಇಲ್ಲ ಆಯಿ. ಮ್ಯಾಲಿನವರ ಹುಕುಮ್ ಹಂಗೈತಿ."

ಅವಳು ಸಿಟ್ಟಾಗಲಿಲ್ಲ. "ಇರಲಿ ಬಿಡು" ಎಂದು ಹೋದಳು. ನನಗೆ ಅವಳು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಅಂದಿನಿಂದ ಯಾವ ಮನೆಯಲ್ಲಿ ಬೇನೆ ಬಂದರೂ ಆಯಿ ಹಾಜರು, ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಕರೆದರೆ, "ಹಾಳ್ಯಾಗ ಇಲ್ಲದಾಕಿ ಒಳಗ ಬರಬಾರದು" ಎನ್ನುತ್ತಿದ್ದಳು. ಒಳಗಿನಿಂದ ನರಳುವ ದನಿ ಕೇಳಿಯೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಯಾರಿಗೂ ಹೇಳದ ಹಾಗೆ, ಬೀದಿಗೆ ಹೇಳಿದ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದಳು.

"ಎಡಮಗ್ಗಲಕ ಮಲಗಸಿದ್ರ ಛಲೋ ಇತ್ತು."

ನಾನು ಕೇಳಿಸದವಳ ಹಾಗೆ ಬಸುರಿಯ ನಾಡಿ ಹಿಡಿದು ನೋಡಿ, ನನಗೇ ಹೊಳೆದ ಹಾಗೆ, "ಎಡಮಗ್ಗಲಕ ಹೊಳ್ಳವಾ" ಎನ್ನುತ್ತಿದ್ದೆ. ಬಸುರಿ ಪಾಪ ಒಮ್ಮೆ ಬಾಗಿಲ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದಳು. ಒಂದು ಮನೆಯಲ್ಲಿ ಒಬ್ಬಳು ತಾಳ್ಮೆ ಕಳೆದುಕೊಂಡು ಕೂಗಿಯೇಬಿಟ್ಟಳು: "ಬಾಯಾರ, ನೀವ ಕಟ್ಟೀಮ್ಯಾಲ ಕುಂಡ್ರಿ, ಆಯಿನ್ನ ಒಳಗ ಕಳಸ್ರಿ!"

೫. ನನ್ನ ಹಾಳೆ

"ಸಿಸ್ಟರ್, ನಿಮ್ಮದೂ ಒಂದು ಹಾಳೆ ತುಂಬಿ. ಅದನ್ನೇ ಮಾದರಿ ಅಂತ ಮೇಲಿನ ಕಚೇರಿಗೆ ಕಳಿಸೋಣ," ಎಂದರು ಡಾಕ್ಟರು.

ಇದು ನನಗೆ ಎರಡನೆಯದು. ಮೊದಲನೆಯದು ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹತ್ತಿರದ ನನ್ನ ತವರುಮನೆಯಲ್ಲಿ ಆಗಿತ್ತು, ಬಹಳ ತ್ರಾಸಿನಿಂದ. ಈ ಸಲ ಇಲ್ಲೇ ಎಂದು ಒಪ್ಪಿದ್ದೆ. ಆದರೆ ಒಳಗೊಳಗೇ ಹೆದರಿಕೆ ಇತ್ತು. ನಲವತ್ತು ಮಂದಿಗೆ ಧೈರ್ಯ ಹೇಳಿದವಳು ನಾನು, ನನಗೆ ಧೈರ್ಯ ಹೇಳುವವರು ಯಾರೆಂದು ರಾತ್ರಿಯೆಲ್ಲ ಯೋಚಿಸುತ್ತಿದ್ದೆ. ಟಿಕೋಟಾದ ನರ್ಸ್ ನನ್ನ ಗೆಳತಿ. ದಿನ ತುಂಬುವ ಹೊತ್ತಿಗೆ ಬಂದು ನಿಲ್ಲುತ್ತೇನೆಂದು ಮಾತು ಕೊಟ್ಟಿದ್ದಳು. ಹಾಳೆ ತುಂಬಿದೆ, ಒಳಕೋಣೆಯ ಗೋಡೆಗೆ ಹಿಟ್ಟಿನ ಅಂಟು ಹಚ್ಚಿ ಗಟ್ಟಿಯಾಗಿ ಅಂಟಿಸಿದೆ.

ನನ್ನ ಗಂಡ ಸಾಲಿಮಾಸ್ತರರು. ಬರೆದದ್ದೆಂದರೆ ಅವರಿಗೆ ದೇವರ ಮಾತು. ಸುತ್ತೋಲೆಯಲ್ಲಿ ಹೇಳದ ಹೊರತು ಸಾಲೆಯ ಗಂಟೆಯನ್ನೂ ಬಾರಿಸುತ್ತಿರಲಿಲ್ಲ. "ಬ್ಯಾನಿ ಬಂದ ದಿನ ತಲಿ ಓಡಸಬ್ಯಾಡ್ರಿ, ಹಾಳ್ಯಾಗ ಇದ್ದಂಗ ಮಾಡ್ರಿ," ಎಂದು ನಾನು ಅವರಿಗೆ ಎರಡು ತಿಂಗಳು ಪಾಠ ಹೇಳಿದ್ದೆ.

ಬೇನೆ ಹದಿನೈದು ದಿನ ಮೊದಲೇ ಬಂತು. ರವಿವಾರ ಬೆಳಿಗ್ಗೆ, ಅವರು ಮನೆಯಲ್ಲೇ ಇದ್ದರು.

"ಹಾಳಿ ನೋಡ್ರಿ!" ಎಂದು ಕೂಗಿದೆ.

ಅವರು ಗೋಡೆಯ ಮುಂದೆ ನಿಂತು ಸಾಲೆಯಲ್ಲಿ ಓದಿದ ಹಾಗೆ ಗಟ್ಟಿಯಾಗಿ ಓದಿದರು. "ಕಾಲಂ ಒಂದು. ಹೆರಿಗೆಯ ಸ್ಥಳ: ಒಳಕೋಣೆ. ಬರೋಬರಿ, ಒಳಗ ಅದಿ. ಕಾಲಂ ಎರಡು. ಹೆರಿಗೆ ಮಾಡಿಸುವವರು: ಉಪಕೇಂದ್ರದ ನರ್ಸ್." ಒಂದು ಕ್ಷಣವೂ ನಿಲ್ಲಲಿಲ್ಲ. "ಈಗ ಕರಕೊಂಡ ಬರ್ತೀನಿ!" ಎಂದು ಟೊಪ್ಪಿಗೆ ಹಾಕಿಕೊಂಡು ಓಡಿದರು.

ನನ್ನ ಬೇನೆ ಸ್ವಲ್ಪ ಇಳಿದ ಮೇಲೆ ಅತ್ತೆಯನ್ನು ಕೇಳಿದೆ, "ಎಲ್ಲಿ ಹೋದ್ರು?"

"ನರ್ಸಬಾಯಿನ್ನ ಕರಿಯಾಕ ಹೋಗ್ಯಾನವಾ."

"ಯಾವ ನರ್ಸಬಾಯಿ?"

"ನಂಗೇನ ಗೊತ್ತು? ಹಾಳ್ಯಾಗ ಇದ್ದಾಕಿ."

ತಲೆಯೆತ್ತಿ ಗೋಡೆ ನೋಡಿದೆ. ನನ್ನದೇ ದುಂಡು ಅಕ್ಷರ. ಟಿಕೋಟಾದ ಗೆಳತಿಯ ಹೆಸರು ಬರೆಯಬೇಕಾದ ಕಡೆ, ನಲವತ್ತು ಹಾಳೆ ಬರೆದು ಪಳಗಿದ ಕೈ ತನ್ನ ಪಾಡಿಗೆ ತಾನು ಬರೆದುಬಿಟ್ಟಿತ್ತು. ಊರಿಗೆಲ್ಲ ಗಾಡಿ ಕೊಟ್ಟ ಆ ಪೆದ್ದನ ನೆನಪಾಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಅಷ್ಟರಲ್ಲಿ ಇನ್ನೊಂದು ಬೇನೆ ಬಂತು.

ಅದು ಇಳಿದಾಗ ಹೊರಗೆ ಅಡಕತ್ತರಿಯ ಸಪ್ಪಳ ಕೇಳಿಸಿತು. ಆಯಿ ಕಟ್ಟೆಯ ಮೇಲೆ ಬಂದು ಕೂತಿದ್ದಳು.

"ಆಯಿ, ಒಳಗ ಬಾ!"

"ಹಾಳ್ಯಾಗ ನನ್ನ ಹೆಸರ ಐತೇನು?"

"ಇಲ್ಲ."

"ಮತ್ತ?"

ಅತ್ತೆಗೆ ಅಕ್ಷರ ಬಾರದು. ಹಾಳೆ ಕಿತ್ತುಕೊಡಿ ಎಂದರೆ ನನ್ನ ಅಂಟು ಬಿಡುತ್ತಿಲ್ಲ. ನಾನೇ ಎದ್ದೆ. ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ, ಪೆನ್ಸಿಲು ಹಲ್ಲಿನಲ್ಲಿ ಹಿಡಿದು ಗೋಡೆ ಮುಟ್ಟಿದೆ. ಗೆರೆ ಎಳೆದು ನನ್ನನ್ನು ನಾನೇ ಹೊಡೆದುಹಾಕಿ ಮೇಲೆ "ಆಯಿ" ಎಂದು ಬರೆದೆ.

"ಏನಂತ ಬರದಿ?" ಕಿಟಕಿಯಿಂದ ದನಿ ಬಂತು.

"ಆಯಿ ಅಂತ."

"ಊರಾಗ ಓಣಿಗೊಂದ ಆಯಿ ಅದಾರ. ನಾಳೆ ಯಾರರ ಬಂದು ನಾನ ಅಂದಾರು. ಪೂರಾ ಹೆಸರ ಬರಿ. ಅಪ್ಪನ ಹೆಸರ ಹಾಕು, ಅಡ್ಡಹೆಸರ ಹಾಕು."

"ಆಯಿ, ಬ್ಯಾನಿ ಬರಾಕತ್ತೈತಿ!"

"ಬರಲಿ. ಬಂದ ಹೋಗಲಿ. ಆಮ್ಯಾಲ ಬರಿ, ಇನ್ನೂ ಹೊತ್ತೈತಿ."

ಹೊತ್ತಿತ್ತು, ಅವಳು ನನ್ನ ದನಿಯಿಂದಲೇ ಅಳೆದಿದ್ದಳು. ಎರಡು ಬೇನೆಗಳ ನಡುವೆ ಅವಳ ಹೆಸರು, ಮೂರನೆಯದು ಮುಗಿದ ಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಬರೆದೆ. "ಬರದ್ಲೇನ?" ಎಂದು ಅವಳು ಅತ್ತೆಯನ್ನು ಕೇಳಿದಳು. ಓದು ಬಾರದ ಅತ್ತೆ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಭಾಳ ಬರದಾಳ್ರಿ" ಎಂದು ಸಾಕ್ಷಿ ಹೇಳಿದಳು.

ಆಯಿ ಒಳಗೆ ಬಂದಳು. ಸಾಬೂನು ಕೇಳಿದಳು, ಮೊಣಕೈವರೆಗೆ ತೊಳೆದಳು, ಉಗುರು ನನ್ನ ಮುಂದೆ ಹಿಡಿದು ತೋರಿಸಿದಳು. ನಾನು ಮಲಗಿದಲ್ಲಿಂದಲೇ, "ಆಯಿ, ಬ್ಲೇಡು ಹತ್ತ ಮಿನಿಟ ಕುದೀಬೇಕು, ಆಮ್ಯಾಲ ದಾರ..." ಎಂದು ಶುರು ಮಾಡಿದೆ. ಅವಳು ನನ್ನ ಹಣೆಯ ಮೇಲೆ ಕೈಯಿಟ್ಟಳು.

"ಸುಮ್ನ ಮಲಕೋ ಮಗಳ. ನರ್ಸಬಾಯಿ ಹೊರಗ ಹೋಗ್ಯಾಳ. ಇವತ್ತ ನೀ ಬರೇ ಬಸುರಿ."

ಆ ಕೈ ಬೆಚ್ಚಗಿತ್ತು. ಎರಡು ತಿಂಗಳ ಹೆದರಿಕೆ ಒಮ್ಮೆಲೇ ಇಳಿಯಿತು, ನಾನು ಮಕ್ಕಳ ಹಾಗೆ ಅತ್ತುಬಿಟ್ಟೆ. ಅಳುತ್ತ ಅಳುತ್ತಲೇ ಹಡೆದೆ. ಹೆಣ್ಣು ಕೂಸು, ಹುಟ್ಟುತ್ತಲೇ ಊರಿಗೆ ಕೇಳುವ ಹಾಗೆ ಕಿರಿಚಿತು.

ಇತ್ತ ನನ್ನ ಗಂಡ ಉಪಕೇಂದ್ರಕ್ಕೆ ಹೋದರೆ ಬೀಗ. ಪಾಟಿಯ ಮೇಲೆ ಶನಿವಾರ ನಾನು ಬರೆದು, ಒರೆಸಲು ಮರೆತದ್ದು: "ಜೈನಾಪುರಕ್ಕೆ ಹೋಗಿದ್ದೇನೆ." ಬರೆದಿದೆಯಲ್ಲ! ಯಾರದೋ ಸೈಕಲ್ಲು ಕಸಿದುಕೊಂಡು ಜೈನಾಪುರಕ್ಕೆ ತುಳಿದರು. ಅಲ್ಲಿ ಕಟ್ಟೆಯ ಮೇಲಿದ್ದ ಒಬ್ಬ ಹಿರಿಯನನ್ನು ಕೇಳಿದರಂತೆ, ನರ್ಸಬಾಯಿ ಎಲ್ಲಿ ಎಂದು. ಇದನ್ನು ಆಮೇಲೆ ಜೈನಾಪುರದವರೇ ನನಗೆ ಹೇಳಿದ್ದು.

"ನಿನ್ನಿ ಬಂದ ಹೋದ್ರಲ್ರಿ. ಯಾಕ್ರಿ ಮಾಸ್ತರ್ರ, ಯಾರಿಗೆ ಬ್ಯಾನಿ?"

"ನಮ್ಮನ್ಯಾಕಿಗೆ."

"ನಿಮ್ಮನ್ಯಾಕೀನ ನರ್ಸಬಾಯಿ ಅಲ್ಲೇನ್ರಿ?"

ಮಾಸ್ತರರು ಸ್ವಲ್ಪ ಯೋಚಿಸಿ ಹೌದು ಎಂದರಂತೆ.

"ಹಂಗಾರ ಮನ್ಯಾಗ ಇರ್ತಾರ, ಹೋಗ್ರಿ."

ಅದನ್ನು ಕೇಳಿ ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಬಿಸಿಲಿನಲ್ಲಿ ಅಷ್ಟು ದೂರ ತುಳಿದು ಬಂದರೂ ಮುಖದಲ್ಲಿ ನಗು ಇತ್ತು. ಹೊಸ್ತಿಲಲ್ಲಿ ನಿಂತು, ಏದುಸಿರು ಬಿಡುತ್ತಾ ಸಾರಿದರು: "ಚಿಂತಿ ಮಾಡಬ್ಯಾಡ್ರಿ! ನರ್ಸಬಾಯಿ ಮನ್ಯಾಗ ಅದಾಳಂತ!"

ಆಯಿ ಕೂಸನ್ನು ಅವರ ಕೈಗಿಟ್ಟಳು. ಆಗ ಅವರ ತಲೆಗೆ ಎಲ್ಲ ಹೊಳೆಯಿತು, ಗೋಡೆಗೆ ಒರಗಿ ಕೂತುಬಿಟ್ಟರು.

ಕೂಸು ನೋಡಲು ಮನೆಗೆ ಬಂದ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. ಆಯಿಯ ಹೆಸರಿಲ್ಲದ ಹಾಳೆ ಇನ್ನು ನಾನು ಬರೆಯುವುದಿಲ್ಲ ಎಂದೂ ಹೇಳಿದೆ. ಅವರು ನನ್ನನ್ನು, ಕೂಸನ್ನು, ಕಟ್ಟೆಯ ಮೇಲಿನ ಆಯಿಯನ್ನು ನೋಡಿ, "ಬರೀರಿ" ಎಂದರು. ಮುಂದಿನ ಎಲ್ಲ ಹಾಳೆಗಳಲ್ಲೂ ಮೊದಲು ಅವಳ ಪೂರಾ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ನನ್ನದು ಕೆಳಗೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾದರಿ ಹಾಳೆಯನ್ನು ಮೇಲಿನ ಕಚೇರಿಗೆ ಕಳಿಸಬೇಕಲ್ಲ. ನೀರು ಹಚ್ಚಿ ಗೋಡೆಯಿಂದ ಬಿಡಿಸಿದೆವು. ಷರಾ ಬರೆಯುವುದು ಮನೆಯ ಯಜಮಾನರ ಕೆಲಸ, ನಡೆದದ್ದನ್ನು ನಡೆದ ಹಾಗೆ ಬರೆಯಬೇಕು ಎಂದು ನಿಯಮ. ನನ್ನ ಗಂಡ ನನಗೆ ತೋರಿಸದೆ, ಪ್ರಾಮಾಣಿಕವಾಗಿ ಬರೆದು, ಸಹಿ ಹಾಕಿ ಟಪಾಲಿಗೆ ಹಾಕಿದರು: "ನರ್ಸ್ ಸಕಾಲಕ್ಕೆ ಸಿಗಲಿಲ್ಲ."

ತಿಂಗಳಾದ ಮೇಲೆ ನನಗೆ ಮೆಮೊ ಬಂತು. ಬಬಲೇಶ್ವರದ ಒಂದು ಮನೆ ಹೆರಿಗೆಗೆ ನರ್ಸ್ ಸಕಾಲಕ್ಕೆ ಸಿಗಲಿಲ್ಲವೆಂದು ಆ ಮನೆಯ ಯಜಮಾನರು ಲಿಖಿತವಾಗಿ ತಿಳಿಸಿದ್ದಾರೆ. ಹೆರಿಗೆಯ ಸಮಯದಲ್ಲಿ ತಾವು ಎಲ್ಲಿದ್ದಿರಿ, ಏಕೆ ಕರ್ತವ್ಯಕ್ಕೆ ಒದಗಲಿಲ್ಲ, ಏಳು ದಿನದಲ್ಲಿ ಉತ್ತರಿಸತಕ್ಕದ್ದು.

ಕೂಸಿಗೆ ಹಾಲು ಕುಡಿಸುತ್ತಲೇ ಉತ್ತರ ಬರೆದೆ: "ಸದರಿ ಹೆರಿಗೆಯ ಸಮಯದಲ್ಲಿ ನಾನು ಸ್ಥಳದಲ್ಲೇ ಇದ್ದೆ. ಮೊದಲಿನಿಂದ ಕೊನೆಯವರೆಗೆ ಒಂದು ನಿಮಿಷವೂ ಕದಲಲಿಲ್ಲ. ನಾನಿಲ್ಲದಿದ್ದರೆ ಆ ಹೆರಿಗೆ ಆಗುತ್ತಲೇ ಇರಲಿಲ್ಲ."